ಗುರುದೀಕ್ಷೆಯ ಬಾಗಿಲು ಕಾದವರು

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಕಾಲಿಟ್ಟವರು ಮೊದಲು ಮಾಡುವ ಕೆಲಸ ತಲೆಯೆತ್ತಿ ನೋಡುವುದು. ಗೋಡೆಗಳ ಮೇಲೆ ಹಸಿ ಗಾರೆಗೆ ಬಣ್ಣವಿಟ್ಟು ಬರೆದ ಭಿತ್ತಿಚಿತ್ರಗಳು, ಛಾವಣಿಯಲ್ಲಿ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು; ಬರಿದಾದ ಜಾಗ ಹುಡುಕಿದರೂ ಸಿಗುವುದು ಕಷ್ಟ. 1899ರಲ್ಲಿ ಮಂಗಳೂರಿಗೆ ಬಂದು 1901ರ ಹೊತ್ತಿಗೆ ಇಷ್ಟನ್ನೂ ಬರೆದು ಮುಗಿಸಿದವರು ಇಟಲಿಯ ಆಂಟೋನಿಯೊ ಮೊಸ್ಕೇನಿ. ಅವರು ಯೇಸುಸಭೆಯವರು, ಅಂದರೆ ಜೆಸ್ವಿಟರು. ಹಾಗಾಗಿ ಪಾದ್ರಿಯೇ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ಅವರು ಪಾದ್ರಿಯಾಗಿರಲಿಲ್ಲ, ಬ್ರದರ್ ಆಗಿದ್ದರು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ತೊಟ್ಟಿದ್ದರು, ಗುರುದೀಕ್ಷೆ ಪಡೆದಿರಲಿಲ್ಲ. ತಾವೇ ಬರೆದ ಛಾವಣಿಯ ಕೆಳಗಿನ ಬಲಿಪೀಠದಲ್ಲಿ ಒಂದು ಪೂಜೆ ಅರ್ಪಿಸುವ, ಒಬ್ಬರ ಪಾಪನಿವೇದನೆ ಕೇಳಿ ಕ್ಷಮೆ ಸಾರುವ ಅಧಿಕಾರ ಅವರಿಗಿರಲಿಲ್ಲ. ಇಂಗ್ಲಿಷಿನವರು ಮೊಸ್ಕೇನಿ ಸೇರಿದ್ದ ಸಭೆಯನ್ನೂ ಆರ್ಡರ್ ಎನ್ನುತ್ತಾರೆ, ಅವರು ಪಡೆಯದ ದೀಕ್ಷೆಯನ್ನೂ ಆರ್ಡರ್ಸ್ ಎನ್ನುತ್ತಾರೆ. ಹೆಸರು ಒಂದೇ ಆದರೂ ಇವು ಬೇರೆ ಬೇರೆ ವ್ಯವಸ್ಥೆಗಳು. ಇವೆರಡೂ ಎಲ್ಲಿ ಕೂಡಿದವು, ಎಲ್ಲಿ ಬೇರೆಯಾದವು ಎಂದು ನೋಡುತ್ತ ಹೋದರೆ ಚರ್ಚ್‌ನ ಒಳಗಿನ ಅಧಿಕಾರದ ಕಥೆ ಸಾಕಷ್ಟು ಬಿಚ್ಚಿಕೊಳ್ಳುತ್ತದೆ.

ಈ ಗೆರೆ ನಮ್ಮಲ್ಲಿ ಅನೇಕರಿಗೆ, ಕ್ರೈಸ್ತರಲ್ಲೂ ಕೆಲವರಿಗೆ, ಮಸುಕಾಗಿಯೇ ಇದೆ. ಬಿಳಿ ನಿಲುವಂಗಿಯವರೆಲ್ಲ ಫಾದರ್, ತಲೆಗೆ ವಸ್ತ್ರ ಹೊದ್ದವರೆಲ್ಲ ಸಿಸ್ಟರ್, ಇಬ್ಬರೂ ಒಂದೇ ಹುದ್ದೆಯ ಗಂಡು ಹೆಣ್ಣು ರೂಪಗಳು ಎಂಬಂತೆ ಮಾತಾಡುತ್ತೇವೆ. ಸಿಸ್ಟರ್ ವ್ರತ ತೊಟ್ಟವರು, ಅಷ್ಟೇ. 1870ರಲ್ಲಿ ಮಂಗಳೂರಿಗೆ ಬಂದು ಕರಾವಳಿಯ ಹೆಣ್ಣುಮಕ್ಕಳ ಶಿಕ್ಷಣಕ್ಕೆ ತಳಪಾಯ ಹಾಕಿದ, 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳಲ್ಲಿ ಗುರುದೀಕ್ಷೆ ಪಡೆದವರು ಒಬ್ಬರೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಇನ್ನೊಂದು ಕಡೆ, ನಮ್ಮೂರ ಇಗರ್ಜಿಯ ಪಾದ್ರಿ ಬಹುಪಾಲು ಬಿಷಪ್ಪರ ಕೈಕೆಳಗಿನ ಗುರು, ಯಾವ ಸಭೆಗೂ ಸೇರಿದವರಲ್ಲ. ಮದುವೆಯಾಗುವುದಿಲ್ಲ, ಬಿಷಪ್ಪರ ಮಾತು ಮೀರುವುದಿಲ್ಲ ಎಂದು ಅವರು ಮಾತು ಕೊಟ್ಟಿರುತ್ತಾರೆಯೇ ಹೊರತು ಬಡತನದ ವ್ರತ ತೊಟ್ಟಿರುವುದಿಲ್ಲ; ತಂದೆಯ ಆಸ್ತಿಯಲ್ಲಿ ಪಾಲು ಬಂದರೆ ತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಬಹುದು. ಅಸ್ಸಿಸಿಯ ಫ್ರಾನ್ಸಿಸ್ ಜಗತ್ತಿನ ಅತಿ ದೊಡ್ಡ ಸನ್ಯಾಸ ಸಭೆಗಳಲ್ಲೊಂದನ್ನು ಕಟ್ಟಿದರು, ಆದರೆ ಗುರುವಾಗಲಿಲ್ಲ. ಪರಂಪರೆ ಅವರನ್ನು ಡೀಕನ್, ಅಂದರೆ ಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆಯವರು, ಎಂದಷ್ಟೇ ನೆನೆಯುತ್ತದೆ. ದೇವಸ್ಥಾನದ ಅರ್ಚಕರನ್ನೂ ಮಠದ ಯತಿಯನ್ನೂ ನಾವು ಒಂದೆಂದು ತಿಳಿಯುವುದಿಲ್ಲ. ಒಬ್ಬರು ಪೂಜೆಯ ಅಧಿಕಾರವುಳ್ಳ ಗೃಹಸ್ಥರು, ಇನ್ನೊಬ್ಬರು ಸಂಸಾರ ಬಿಟ್ಟವರು. ಪಶ್ಚಿಮದ ಕ್ಯಾಥೊಲಿಕ್ ಸಭೆಯಲ್ಲಿ ಅರ್ಚಕರಿಗೂ ಮದುವೆಯಿಲ್ಲದ ಕಾರಣ ಎರಡೂ ಒಂದೇ ಎನಿಸಿಬಿಡುತ್ತದೆ. ಆ ನಿಯಮವಾದರೂ ಆದಿಯಿಂದ ಇಷ್ಟು ಬಿಗಿಯಾಗಿರಲಿಲ್ಲ. ದೀಕ್ಷೆಯಾದವರ ಮದುವೆ ಅಸಿಂಧು ಎಂದು ಸಾರಿದ್ದು 1139ರ ಎರಡನೆಯ ಲ್ಯಾಟರನ್ ಮಹಾಸಭೆ. ಪೂರ್ವದೇಶಗಳ ಕ್ಯಾಥೊಲಿಕ್ ಸಭೆಗಳಲ್ಲಿ ಮದುವೆಯಾದವರು ಗುರುಗಳಾಗುವ ರೂಢಿ ಇಂದಿಗೂ ಉಂಟು.

ನನ್ನ ವಾದ ಇಷ್ಟು. ಗುರುದೀಕ್ಷೆ ದೇವರು ಒತ್ತುವ ಮುದ್ರೆ, ಮನುಷ್ಯ ಅದನ್ನು ಅಳಿಸಲಾರ ಎಂದು ಚರ್ಚ್ ಹೇಳುತ್ತದೆ. ಆ ಮಾತನ್ನು ಅದು ತನಗೇ ತೊಂದರೆಯಾದಾಗಲೂ ಬಿಟ್ಟುಕೊಟ್ಟಿಲ್ಲ, ಹಾಗಾಗಿ ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಆದರೆ ಆ ಮುದ್ರೆ ಯಾರಿಗೆ ಬೀಳಬೇಕು, ಬಿದ್ದ ಮೇಲೆ ಯಾರಿಗೆ ಯಾವ ಕೆಲಸ ಕೊಡಬೇಕು ಎಂಬುದನ್ನು ಉದ್ದಕ್ಕೂ ನಿರ್ಧರಿಸಿದವರು ಮನುಷ್ಯರು: ರಾಜರು, ಸಭೆಗಳ ಹಿರಿಯರು, ಒಂದು ಜಾತಿಯವರು, ಒಂದು ಬಣ್ಣದವರು. ಈ ಎರಡನೆಯ ಮಟ್ಟದ ತೀರ್ಮಾನಗಳಿಗೆ ಮೊದಲನೆಯದರ ಪಾವಿತ್ರ್ಯವನ್ನು ಹೊದಿಸಿಬಿಡುವುದು ಹಳೆಯ ಚಾಳಿ. 'ಮೊದಲಿನಿಂದಲೂ ಹೀಗೇ' ಎಂಬ ಮಾತು ಕೇಳಿದಾಗ, ಅದು ಮುದ್ರೆಯ ಬಗ್ಗೆ ಹೇಳಿದ್ದೋ ಬಾಗಿಲ ಬಗ್ಗೆ ಹೇಳಿದ್ದೋ ಎಂದು ಕೇಳಲೇಬೇಕಾಗುತ್ತದೆ.

ಮುದ್ರೆಯ ಸಿದ್ಧಾಂತ ಹುಟ್ಟಿದ್ದು ಒಂದು ಜಗಳದಲ್ಲಿ. 303ರಲ್ಲಿ ರೋಮನ್ ಸಾಮ್ರಾಟ ಡಯೊಕ್ಲೀಷಿಯನ್ ಕ್ರೈಸ್ತರ ಮೇಲೆ ಹಿಂಸೆ ಆರಂಭಿಸಿದಾಗ ಕೆಲವು ಬಿಷಪ್ಪರು ಜೀವಭಯದಿಂದ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿಬಿಟ್ಟರು. ಹಿಂಸೆ ನಿಂತ ಮೇಲೆ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೆಸಿಲಿಯನ್ ಬಿಷಪ್ಪರಾದರು. ಅವರ ತಲೆಯ ಮೇಲೆ ಹಸ್ತವಿಟ್ಟವರಲ್ಲಿ ಒಬ್ಬರು ಹಾಗೆ ಗ್ರಂಥ ಒಪ್ಪಿಸಿದ್ದವರೆಂದು ವಿರೋಧಿಗಳು ಆರೋಪಿಸಿ, ದ್ರೋಹಿಯ ಹಸ್ತದಿಂದ ಬಂದ ದೀಕ್ಷೆ ದೀಕ್ಷೆಯೇ ಅಲ್ಲವೆಂದು ಸಿಡಿದು ಬೇರೆಯಾದರು. ಇವರೇ ಡೊನಾಟಿಸ್ಟರು. 314ರಲ್ಲಿ ಆರ್ಲ್ಸ್‌ನಲ್ಲಿ ಸೇರಿದ ಬಿಷಪ್ಪರ ಸಭೆ ಅವರ ವಾದವನ್ನು ತಳ್ಳಿಹಾಕಿತು. ಶತಮಾನದ ಬಳಿಕ ಸಂತ ಅಗಸ್ಟೀನ್ ಅದಕ್ಕೆ ತರ್ಕದ ಬುನಾದಿ ಹಾಕಿದರು: ಸಂಸ್ಕಾರ ಕೊಡುವವನು ಕ್ರಿಸ್ತ, ಕೈ ಮಾತ್ರ ಮನುಷ್ಯನದು, ಕೈ ಕೊಳಕಾದ ಮಾತ್ರಕ್ಕೆ ಸಂಸ್ಕಾರ ಕೊಳಕಾಗದು. ಇದು ಸಾಮಾನ್ಯ ಭಕ್ತರ ಪರವಾದ ತೀರ್ಪು ಎಂಬುದನ್ನು ಗಮನಿಸಬೇಕು. ತನ್ನ ಮಗುವಿಗೆ ಜ್ಞಾನಸ್ನಾನ ಕೊಟ್ಟ ಪಾದ್ರಿಯ ಗುಣನಡತೆಯನ್ನು, ಅವರಿಗೆ ದೀಕ್ಷೆ ಕೊಟ್ಟ ಬಿಷಪ್ಪರ ಪೂರ್ವಾಪರವನ್ನು ಶೋಧಿಸುವ ಹೊರೆ ಬಡ ಭಕ್ತನ ಮೇಲೆ ಬೀಳಬಾರದು. ಆದರೆ ಇದೇ ತೀರ್ಪಿಗೆ ಇನ್ನೊಂದು ಮುಖವಿದೆ. ದೀಕ್ಷೆ ಪುಣ್ಯದ ಸಂಭಾವನೆಯಲ್ಲ ಎಂದ ಮೇಲೆ, ದೀಕ್ಷೆ ಸಿಗದವರು ಪುಣ್ಯದಲ್ಲಿ ಕಡಿಮೆ ಎಂಬ ಮಾತಿಗೂ ಜಾಗವಿರುವುದಿಲ್ಲ. ಹಾಗಿದ್ದರೆ ಕೆಲವರನ್ನು ಹೊರಗಿಡಲು ಬೇರೆ ಕಾರಣ ಬೇಕು, ಆ ಕಾರಣ ಪ್ರತಿಸಲವೂ ಪರೀಕ್ಷೆಗೆ ಒಳಪಡಲೇಬೇಕು.

ದೀಕ್ಷೆಯ ವಿಧಿಯನ್ನು ಕಂಡವರಿಗೆ ಅದರ ತೂಕ ಗೊತ್ತು. ಅಭ್ಯರ್ಥಿ ಬಲಿಪೀಠದ ಮುಂದೆ ಬೋರಲಾಗಿ ಉದ್ದಕ್ಕೆ ಮಲಗುತ್ತಾನೆ. ಸೇರಿದ ಜನರೆಲ್ಲ ಸಂತರ ಪ್ರಾರ್ಥನಾಮಾಲೆ ಹಾಡುತ್ತಾರೆ. ಎದ್ದು ಮೊಣಕಾಲೂರಿದಾಗ ಬಿಷಪ್ಪರು ಒಂದು ಮಾತೂ ಆಡದೆ ಅವನ ತಲೆಯ ಮೇಲೆ ಎರಡೂ ಕೈ ಇಡುತ್ತಾರೆ, ನೆರೆದ ಗುರುಗಳೂ ಸಾಲಾಗಿ ಬಂದು ಕೈಯಿಡುತ್ತಾರೆ. ಬಳಿಕ ಅಭಿಷೇಕದ ಪ್ರಾರ್ಥನೆ, ಪೂಜಾವಸ್ತ್ರ, ಅಂಗೈಗಳಿಗೆ ಪವಿತ್ರ ತೈಲ, ಕೈಗೆ ರೊಟ್ಟಿಯ ತಟ್ಟೆ ಮತ್ತು ದ್ರಾಕ್ಷಾರಸದ ಪಾತ್ರೆ. ಒಮ್ಮೆ ಇಷ್ಟಾದ ಮೇಲೆ ಹಿಂದೆಗೆದುಕೊಳ್ಳುವುದಿಲ್ಲ. ಗುರುಪದವಿ ಬಿಟ್ಟು ಮದುವೆಯಾದ ಮಾಜಿ ಪಾದ್ರಿಯೂ ಸಾವಿನಂಚಿನಲ್ಲಿರುವವರ ಪಾಪನಿವೇದನೆ ಕೇಳಿ ಕ್ಷಮೆ ಸಾರಬಲ್ಲ, ಅದು ಸಿಂಧು ಎನ್ನುತ್ತದೆ ಚರ್ಚ್ ಕಾನೂನು. 1988ರ ಜೂನ್ 30ರಂದು ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ ಪೋಪರ ಅಪ್ಪಣೆ ಮೀರಿ ನಾಲ್ವರನ್ನು ಬಿಷಪ್ಪರನ್ನಾಗಿ ಮಾಡಿದಾಗ ರೋಮ್ ಎಲ್ಲರಿಗೂ ಬಹಿಷ್ಕಾರ ಹಾಕಿತು. ಆದರೆ ಆ ನಾಲ್ವರು ಬಿಷಪ್ಪರೇ ಅಲ್ಲ ಎಂದು ಹೇಳಲಿಲ್ಲ. ದೀಕ್ಷೆ ಸಿಂಧು, ಆದರೆ ಕ್ರಮಬಾಹಿರ. 2009ರಲ್ಲಿ ಬಹಿಷ್ಕಾರ ತೆರವಾದಾಗಲೂ ಪೋಪ್ ಬೆನೆಡಿಕ್ಟ್ ಸ್ಪಷ್ಟಪಡಿಸಿದ್ದು ಇದನ್ನೇ: ಅವರಿಗೆ ಸಭೆಯಲ್ಲಿ ಅಧಿಕೃತ ಕೆಲಸವಿಲ್ಲ. ಮುದ್ರೆ ಒಂದು, ಪರವಾನಗಿ ಇನ್ನೊಂದು ಎಂಬ ಭೇದವನ್ನು ನಾನು ಕಟ್ಟಿದ್ದಲ್ಲ. ರೋಮ್ ತಾನೇ ಕಾನೂನಿನಲ್ಲಿ ಬರೆದಿಟ್ಟುಕೊಂಡಿದೆ.

ಪರವಾನಗಿಯ ಕಥೆ ಸಿಕ್ಕುಸಿಕ್ಕಾಗುವುದು ಸನ್ಯಾಸ ಸಭೆಗಳು ಮತ್ತು ರಾಜರು ಒಂದೇ ಮನೆಗೆ ಬಂದಾಗ. ಜೆರುಸಲೇಮಿನ ಯಾತ್ರಿಕರ ರಕ್ಷಣೆಗೆಂದು ಕತ್ತಿ ಹಿಡಿದ ಟೆಂಪ್ಲರ್ ಸನ್ಯಾಸಿಗಳ ಸಭೆಯನ್ನು 1312ರಲ್ಲಿ ಪೋಪರು ವಿಸರ್ಜಿಸಿದರು. ಅದರ ಆಸ್ತಿಗೆ ಪೋರ್ಚುಗಲ್ಲಿನಲ್ಲಿ 1319ರಲ್ಲಿ ಹೊಸ ವಾರಸುದಾರ ಹುಟ್ಟಿತು, ಆರ್ಡರ್ ಆಫ್ ಕ್ರೈಸ್ಟ್. ವಾಸ್ಕೊ ಡ ಗಾಮನ ಹಡಗುಗಳ ಹಾಯಿಯ ಮೇಲಿದ್ದ ಕೆಂಪು ಶಿಲುಬೆ ಈ ಸಭೆಯದು. ಹೊಸದಾಗಿ ಗೆದ್ದ ಕಡಲಾಚೆಯ ನೆಲದ ಧಾರ್ಮಿಕ ಆಡಳಿತ ಮೊದಲು ಇದರ ಕೈಯಲ್ಲಿತ್ತು. 1551ರಲ್ಲಿ ಸಭೆಯ ಮುಖ್ಯಸ್ಥನ ಸ್ಥಾನ ಪೋರ್ಚುಗಲ್ ರಾಜನಿಗೇ ಖಾಯಂ ಆಯಿತು. ಸನ್ಯಾಸಿಗಳ ಸಭೆ ರಾಜನ ಕಿರೀಟದ ಆಭರಣವಾಯಿತು. ಇಂದು ಅದು ಪೋರ್ಚುಗಲ್ ಅಧ್ಯಕ್ಷರು ಗಣ್ಯರ ಎದೆಗೆ ಚುಚ್ಚುವ ಒಂದು ಪದಕ ಮಾತ್ರ. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ: 1534ರಲ್ಲಿ ಗೋವಾ ಧರ್ಮಪ್ರಾಂತವಾದಾಗ ಅದರ ಬಿಷಪ್ಪರನ್ನು ಸೂಚಿಸುವ ಹಕ್ಕು ರಾಜನದು. ಕೆನರಾ ಕರಾವಳಿಯ ಕ್ರೈಸ್ತರ ಮೇಲಿನ ಧಾರ್ಮಿಕ ಅಧಿಕಾರ ಬಹುಕಾಲ ನಡೆದದ್ದು ಆ ಗೋವಾದ ಮೂಲಕ.

ಗೋವಾದಲ್ಲಿ ಸ್ಥಳೀಯರಿಗೆ ಗುರುದೀಕ್ಷೆ ಕೊಡಲು ಸಿದ್ಧಾಂತದ ಅಡ್ಡಿಯೇನೂ ಇರಲಿಲ್ಲ. 1541ರಲ್ಲೇ ಸ್ಥಳೀಯ ಹುಡುಗರ ತರಬೇತಿಗೆಂದು ಅಲ್ಲಿ ಶಾಲೆ ಹುಟ್ಟಿಕೊಂಡಿತು. ಕೊಂಕಣಿ ಮಾತಾಡುವ ಗುರುಗಳ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಬೆಳೆಯಿತು. ಆದರೆ ಫ್ರಾನ್ಸಿಸ್ಕನ್, ಡೊಮಿನಿಕನ್, ಅಗಸ್ಟೀನಿಯನ್, ಜೆಸ್ವಿಟ್ ಸಭೆಗಳ ಬಾಗಿಲು ಅವರಿಗೆ ಮುಚ್ಚಿತ್ತು. ಗೋವಾದ ಸಾಷ್ಟಿ ಸೀಮೆಯ ಇಗರ್ಜಿಗಳು ಜೆಸ್ವಿಟರ ಕೈಯಲ್ಲಿ, ಬಾರ್ದೇಶದ ಇಗರ್ಜಿಗಳು ಫ್ರಾನ್ಸಿಸ್ಕನ್ನರ ಕೈಯಲ್ಲಿ. ಅದೇ ಊರಿನಲ್ಲಿ ಹುಟ್ಟಿದ ಗುರು ಆ ಇಗರ್ಜಿಯಲ್ಲಿ ಸಹಾಯಕ. ಹಳೆಯ ಯೇಸುಸಭೆ 1773ರಲ್ಲಿ ವಿಸರ್ಜನೆಯಾಗುವ ತನಕ ಅದರೊಳಗೆ ಗುರುವಾದ ಭಾರತೀಯನೆಂದು ಇತಿಹಾಸಕಾರರು ಹೆಸರಿಸುವುದು ಒಬ್ಬರನ್ನೇ: ಕೊಲ್ಲಂನ ಬ್ರಾಹ್ಮಣ ಮೂಲದ ಪೆರೊ ಲೂಯಿಸ್, ದೀಕ್ಷೆಯಾದದ್ದು 1575ರಲ್ಲಿ. ಎರಡು ಆರ್ಡರುಗಳ ಭೇದ ಇಲ್ಲಿ ಪುಸ್ತಕದ ಮಾತಾಗಿ ಉಳಿಯಲಿಲ್ಲ. ದೀಕ್ಷೆ ಎಂಬ ಮುದ್ರೆ ಗೋವಾದವನಿಗೂ ಲಿಸ್ಬನ್ನಿನವನಿಗೂ ಒಂದೇ. ಅದನ್ನು ಅಲ್ಲಗಳೆಯಲು ಡೊನಾಟಿಸ್ಟರ ಪಾಪ ಹೊರಬೇಕಾಗುತ್ತಿತ್ತು. ಆದ್ದರಿಂದ ಮುದ್ರೆ ಕೊಟ್ಟು ಕುರ್ಚಿ ಕೊಡದಿರುವ ದಾರಿ ಹಿಡಿದರು. ಸಭೆಯೊಂದಕ್ಕೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಅದರ ಹಿರಿಯರ ವಿವೇಚನೆ, ಅಲ್ಲಿ ದೇವತಾಶಾಸ್ತ್ರಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ. ಜಾಣ ವ್ಯವಸ್ಥೆ.

ಕೆಲವರಿಗೆ ಮುದ್ರೆಯೂ ಸಿಗಲಿಲ್ಲ. ಗೋವಾದ ದಿವಾಡಿ ದ್ವೀಪದ ಮತೆಯುಸ್ ಡಿ ಕಾಸ್ತ್ರೊ ಫ್ರಾನ್ಸಿಸ್ಕನ್ನರ ಬಳಿ ಓದಿದ ಬ್ರಾಹ್ಮಣ ಮೂಲದ ಕ್ರೈಸ್ತ. ಗೋವಾದ ಆರ್ಚ್‌ಬಿಷಪ್ ಅವರಿಗೆ ದೀಕ್ಷೆ ಕೊಡಲು ಒಪ್ಪಲಿಲ್ಲ. ಅವರು ಮರುಭೂಮಿಗಳ ದಾರಿ ಹಿಡಿದು 1625ರಲ್ಲಿ ರೋಮ್ ತಲುಪಿದರು. ಪೋರ್ಚುಗಲ್ ರಾಜನ ಹಿಡಿತದಿಂದ ಧರ್ಮಪ್ರಚಾರವನ್ನು ಬಿಡಿಸಿಕೊಳ್ಳಬೇಕೆಂದು 1622ರಲ್ಲಿ ರೋಮ್ ತೆರೆದಿದ್ದ ಪ್ರೊಪಗಾಂಡಾ ಎಂಬ ಇಲಾಖೆಗೆ ಇಂಥವರೇ ಬೇಕಿದ್ದರು. ಅಲ್ಲಿ ಓದಿ, ದೀಕ್ಷೆ ಪಡೆದು ಊರಿಗೆ ಮರಳಿದರೆ ಗೋವಾ ಅವರ ಕಾಗದಪತ್ರಗಳನ್ನೇ ಅನುಮಾನಿಸಿತು. ಮತ್ತೆ ರೋಮಿಗೆ ಹೋದರು. 1637ರಲ್ಲಿ ರೋಮ್ ಅವರನ್ನು ಬಿಷಪ್ಪರನ್ನಾಗಿಯೇ ಮಾಡಿ ಕಳಿಸಿತು. ಪೋರ್ಚುಗೀಸ್ ನೆಲದಲ್ಲಿ ಕುರ್ಚಿ ಹಾಕುವಂತಿರಲಿಲ್ಲವಾದ್ದರಿಂದ ಅವರಿಗೆ ಒಪ್ಪಿಸಿದ ಸೀಮೆ ನಮ್ಮ ಬಿಜಾಪುರದ ಆದಿಲ್‌ಶಾಹಿ ರಾಜ್ಯ. ಲ್ಯಾಟಿನ್ ಪದ್ಧತಿಯ ಮೊದಲ ಭಾರತೀಯ ಬಿಷಪ್ ಹೀಗೆ ಒಬ್ಬ ಮುಸ್ಲಿಂ ಸುಲ್ತಾನನ ನೆರಳಿನಲ್ಲಿ, ಗೋವಾದ ಗಡಿಗೆ ಅಂಟಿದ ಡಿಚೋಲಿಯಲ್ಲಿ ಕೂತು ಸ್ಥಳೀಯರಿಗೆ ದೀಕ್ಷೆ ಕೊಡತೊಡಗಿದರು. ಅವರಿಂದ ದೀಕ್ಷೆ ಪಡೆದವರನ್ನು ಗೋವಾ ಮಾನ್ಯ ಮಾಡಲು ಸಿದ್ಧವಿರಲಿಲ್ಲ. ಕಾಸ್ತ್ರೊ ಸುಲಭದ ಮನುಷ್ಯರಾಗಿರಲಿಲ್ಲ, ಜಗಳಗಂಟರು, ತಮ್ಮ ಬ್ರಾಹ್ಮಣ ಕುಲದ ಬಗ್ಗೆ ಬಲು ಹೆಮ್ಮೆಯುಳ್ಳವರು. ಅವರ ಸ್ವಭಾವವೇ ಸಮಸ್ಯೆಯಾಗಿತ್ತು ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಆರ್ಚ್‌ಬಿಷಪ್ ಬಾಗಿಲು ಮುಚ್ಚಿದ್ದು ಆ ಸ್ವಭಾವ ಲೋಕಕ್ಕೆ ಗೊತ್ತಾಗುವ ಮೊದಲು, ಅದೂ ಒಬ್ಬ ವಿದ್ಯಾರ್ಥಿಯ ಮುಂದೆ.

ಕೆನರಾದಲ್ಲಿ ಈ ತಿಕ್ಕಾಟ ಇನ್ನೂ ವಿಚಿತ್ರ ರೂಪ ತಾಳಿತು. ಮತೆಯುಸರ ಸೋದರಳಿಯ ತೊಮಸ್ ಡಿ ಕಾಸ್ತ್ರೊ ಅವರನ್ನು ರೋಮ್ ಈ ಭಾಗದ ಅಧಿಕಾರಿಯಾಗಿ ಕಳಿಸಿತ್ತು. 1681ರಲ್ಲಿ ಗೋವಾ ತನ್ನ ಪ್ರತಿನಿಧಿಯಾಗಿ ಬಾಣವಲ್ಲಿಯ ಜೋಸೆಫ್ ವಾಜ್ ಎಂಬ ಯುವಗುರುವನ್ನು ಕಳಿಸಿತು. ಇಬ್ಬರೂ ಕೊಂಕಣಿಗರು, ಇಬ್ಬರೂ ಸಿಂಧುವಾಗಿ ದೀಕ್ಷೆ ಪಡೆದವರು, ಇಬ್ಬರ ಪೂಜೆಯೂ ಪೂಜೆಯೇ. ಆದರೂ ಯಾರ ಮಾತು ಕೇಳಬೇಕೆಂದು ತಿಳಿಯದೆ ಭಕ್ತರು ಎರಡು ಪಾಲಾದರು. ವಾಜ್ ಮೂರು ವರ್ಷ ಇಲ್ಲಿ ಸೇವೆ ಮಾಡಿ ಗೋವಾಕ್ಕೆ ಮರಳಿದರು. ಅಲ್ಲಿ ಅವರಿಗೂ ಯುರೋಪಿನ ಸಭೆಗಳ ಬಾಗಿಲು ತೆರೆಯದು. 1685ರಲ್ಲಿ ಅವರು ಸ್ಥಳೀಯ ಗುರುಗಳೇ ಕಟ್ಟಿಕೊಂಡಿದ್ದ ಓರೆಟರಿ ಎಂಬ ಸಂಘ ಸೇರಿದರು. ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದ ಸಿಲೋನಿಗೆ 1687ರಲ್ಲಿ ವೇಷ ಮರೆಸಿ ಹೊಕ್ಕು, 1711ರಲ್ಲಿ ಕ್ಯಾಂಡಿಯಲ್ಲಿ ಸಾಯುವವರೆಗೆ ಅಲ್ಲಿನ ಸಭೆಯನ್ನು ಬದುಕಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಈ ಕಥೆಯನ್ನು ಇಲ್ಲಿಗೆ ಮುಗಿಸಿದರೆ ಹಿತವಾಗಿರುತ್ತದೆ, ಪೂರ್ಣ ಸತ್ಯವಾಗುವುದಿಲ್ಲ. ಯುರೋಪಿನವರು ಹೊರಗಿಟ್ಟ ಗುರುಗಳು ಕಟ್ಟಿದ ಆ ಓರೆಟರಿ ಬ್ರಾಹ್ಮಣ ಮೂಲದವರಿಗೆ ಮಾತ್ರ ಮೀಸಲಾಗಿತ್ತು. ಚಾರೊಡಿ ಎಂದು ಕರೆಸಿಕೊಳ್ಳುತ್ತಿದ್ದ ಕ್ಷತ್ರಿಯ ಮೂಲದ ಗುರುಗಳು ಬೇರೆ ಆಸರೆ ಹುಡುಕಿಕೊಳ್ಳಬೇಕಾಯಿತು. ಅದಕ್ಕಿಂತ ಕೆಳಗಿನವರ ಮಾತೇ ಏಳುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ನೊಂದವರು ತಮ್ಮ ಬಾಗಿಲಿಗೂ ಅಗುಳಿ ಹಾಕಿಕೊಂಡರು.

ಇದೆಲ್ಲ ವಸಾಹತುಶಾಹಿಯ ವಿಕೃತಿ, ದೀಕ್ಷೆಯ ಸ್ವರೂಪಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ಆಕ್ಷೇಪಣೆ ಬರುತ್ತದೆ. ರಾಜನ ಕೈ ಸರಿದ ಮೇಲೆ ಚರ್ಚ್ ತಪ್ಪು ತಿದ್ದಿಕೊಂಡಿತಲ್ಲ ಎನ್ನುತ್ತಾರೆ. ತಿದ್ದಿಕೊಂಡದ್ದು ಹೌದು, ಆದರೆ ಭಾರತೀಯರೇ ಆದ ಬಿಷಪ್ಪರು ಬಂದದ್ದು ತಡವಾಗಿ: ತೂತ್ತುಕುಡಿಗೆ ತಿಬುರ್ಶಿಯಸ್ ರೋಚ್ ಬಿಷಪ್ಪರಾದದ್ದು 1923ರಲ್ಲಿ, ಮಂಗಳೂರಿಗೆ ವಲೇರಿಯನ್ ಡಿಸೋಜ ಬಂದದ್ದು 1928ರಲ್ಲಿ. ಮತೆಯುಸ್ ಡಿ ಕಾಸ್ತ್ರೊ ಅವರಿಂದ ಇವರವರೆಗಿನ ಅಂತರ ಸುಮಾರು 3 ಶತಮಾನ. ಆದರೆ ಆಕ್ಷೇಪಣೆಗೆ ನನ್ನ ನಿಜವಾದ ಉತ್ತರ ಈ ವಿಳಂಬದಲ್ಲಿಲ್ಲ. ರಾಜಕೀಯದ ಸೋಂಕಿಲ್ಲದ ಕಡೆ, ಶುದ್ಧ ಶಾಸ್ತ್ರದೊಳಗೇ, ದೀಕ್ಷೆಯ ಬಗ್ಗೆ ಅಚಲವೆಂದು ತಿಳಿದಿದ್ದ ಸಂಗತಿಗಳು ಬದಲಾಗಿವೆ. 1439ರ ಫ್ಲಾರೆನ್ಸ್ ಮಹಾಸಭೆಯ ಕಾಲದಲ್ಲಿ ಅರ್ಮೇನಿಯನ್ನರಿಗೆ ಹೊರಡಿಸಿದ ಆಜ್ಞೆಯ ಪ್ರಕಾರ, ದೀಕ್ಷೆಯ ತಿರುಳು ಅಭ್ಯರ್ಥಿಯ ಕೈಗೆ ಪೂಜಾಪಾತ್ರೆಗಳನ್ನು ಕೊಡುವುದರಲ್ಲಿತ್ತು. 1947ರ ನವೆಂಬರ್ 30ರಂದು ಪೋಪ್ ಹನ್ನೆರಡನೆಯ ಪಯಸ್, ಇನ್ನು ಮುಂದೆ ತಿರುಳು ಹಸ್ತವಿಡುವುದೂ ಅದರ ಜೊತೆಗಿನ ಪ್ರಾರ್ಥನೆಯೂ ಮಾತ್ರ, ಪಾತ್ರೆ ಕೊಡುವುದು ಸಿಂಧುತ್ವಕ್ಕೆ ಅಗತ್ಯವಲ್ಲ ಎಂದು ತೀರ್ಮಾನಿಸಿದರು. ಆ ನಡುವಿನ 500 ವರ್ಷ, ಪಾತ್ರೆ ಮುಟ್ಟಿಸಿದ್ದು ಸರಿಯಾಯಿತೋ ಇಲ್ಲವೋ ಎಂಬ ಅಳುಕಿನಲ್ಲಿ ವಿಧಿಯನ್ನು ಮತ್ತೆ ನೆರವೇರಿಸಿದ್ದೂ ಉಂಟು.

ಅದೇ ವರ್ಷ, ಅದಕ್ಕೆ ಎರಡು ತಿಂಗಳು ಮೊದಲು, ಮದ್ರಾಸಿನಲ್ಲಿ ಇನ್ನೂ ಧೈರ್ಯದ ಕೆಲಸವೊಂದು ನಡೆದಿತ್ತು. 1947ರ ಸೆಪ್ಟೆಂಬರ್ 27ರಂದು ಸಂತ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ನಾವು ಸಿಎಸ್‌ಐ ಎನ್ನುವ ಸಭೆ, ಹುಟ್ಟಿತು. ನಮ್ಮ ಬಾಸೆಲ್ ಮಿಷನ್ ಪರಂಪರೆಯ ದಕ್ಷಿಣ ಕನ್ನಡ, ಮುಂಬೈ-ಕರ್ನಾಟಕದ ಸಭೆಗಳು ಮುಂದಿನ ದಶಕಗಳಲ್ಲಿ ಅದನ್ನು ಸೇರಿಕೊಂಡವು. ತೊಡಕಿದ್ದದ್ದು ದೀಕ್ಷೆಯಲ್ಲಿ. ಆಂಗ್ಲಿಕನ್ನರ ಪ್ರಕಾರ ಬಿಷಪ್ಪರ ಹಸ್ತವಿಲ್ಲದೆ ದೀಕ್ಷೆಯಿಲ್ಲ. ಉಳಿದವರ ಸಭಾಪಾಲಕರಿಗೆ ಬಿಷಪ್ಪರೇ ಇರಲಿಲ್ಲ. ಮತ್ತೆ ಹಸ್ತವಿಡಿಸಿಕೊಳ್ಳಿ ಎಂದರೆ, ಇಷ್ಟು ವರ್ಷ ನಾವು ನಡೆಸಿದ್ದು ಸೇವೆಯಲ್ಲವೇ ಎಂದು ಅವರು ಕೇಳುತ್ತಿದ್ದರು. ಕಂಡುಕೊಂಡ ದಾರಿ ಸರಳವಾಗಿತ್ತು: ಈಗಿರುವವರು ಇದ್ದಂತೆಯೇ ಸಭಾಪಾಲಕರು, ಇಂದಿನಿಂದ ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದ, 30 ವರ್ಷದ ಬಳಿಕ ಮತ್ತೆ ಕೂತು ಯೋಚಿಸೋಣ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭಾಪಾಲಕ ಲೆಸ್ಲಿ ನ್ಯೂಬಿಗಿನ್ ಆ ದಿನ 37ರ ವಯಸ್ಸಿನಲ್ಲಿ ಬಿಷಪ್ಪರಾದರು. ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು, ಕವಿ ಟಿ.ಎಸ್. ಎಲಿಯಟ್ 1943ರಲ್ಲೇ ಈ ಯೋಜನೆಯ ವಿರುದ್ಧ ಕಿರುಪುಸ್ತಕ ಬರೆದಿದ್ದರು. ಆಂಗ್ಲಿಕನ್ನರ ಸಂಕಟ ಅರ್ಥವಾಗುವಂಥದೇ. 1896ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರದೇ ದೀಕ್ಷೆಗಳನ್ನು ಸಂಪೂರ್ಣ ಅಸಿಂಧು ಎಂದು ಸಾರಿದ್ದರು. ರೋಮ್ ತಮಗೆ ಮಾಡಿದ್ದನ್ನು ತಾವು ಮೆಥಡಿಸ್ಟರಿಗೆ ಮಾಡಬೇಕೋ ಬೇಡವೋ ಎಂಬುದು ಅವರ ಮುಂದಿದ್ದ ಪ್ರಶ್ನೆ. ದಕ್ಷಿಣ ಭಾರತದ ಉತ್ತರ ಬೇಡ ಎಂದಾಗಿತ್ತು. ಶಾಸ್ತ್ರ ಪೂರ್ತಿ ಒಪ್ಪದಿದ್ದರೂ ಸಭೆಯೊಂದು ಒಟ್ಟಾಗಿ ಬದುಕಬಹುದು ಎಂದು ತೋರಿಸಿಕೊಟ್ಟ ಉದಾಹರಣೆ ಇದು, ಆಧುನಿಕ ಕ್ರೈಸ್ತ ಚರಿತ್ರೆಯಲ್ಲಿ ದಕ್ಷಿಣ ಭಾರತದ ದೊಡ್ಡ ಕೊಡುಗೆ ಎಂದೇ ನಾನು ಎಣಿಸುತ್ತೇನೆ.

ಕ್ಯಾಥೊಲಿಕ್ ಸಭೆಯೊಳಗಿನ ಮತ್ತೊಂದು ಬದಲಾವಣೆ ಸದ್ದಿಲ್ಲದೆ ಆಯಿತು. 1972ರವರೆಗೆ ಗುರುವಾಗಲು ಹೊರಟವನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕಿತ್ತು: ಮೊದಲು ಶಿಖೆ ಕತ್ತರಿಸುವ ವಿಧಿ, ಆಮೇಲೆ ದ್ವಾರಪಾಲಕ, ವಾಚಕ, ಭೂತ ಬಿಡಿಸುವವ, ಬಲಿಪೀಠದ ಪರಿಚಾರಕ ಎಂಬ ನಾಲ್ಕು ಕಿರಿಯ ದರ್ಜೆಗಳು, ಬಳಿಕ ಉಪಡೀಕನ್, ಡೀಕನ್, ಗುರು. ಉಪಡೀಕನ್ ಮಧ್ಯಯುಗದಿಂದಲೂ ಹಿರಿಯ ದರ್ಜೆ ಎನಿಸಿತ್ತು. ಬ್ರಹ್ಮಚರ್ಯ ಕಡ್ಡಾಯವಾಗುತ್ತಿದ್ದುದೇ ಅಲ್ಲಿಂದ. ಆ ವರ್ಷ ಪೋಪ್ ಆರನೆಯ ಪೌಲರು ಒಂದು ಪತ್ರದಿಂದ ಶಿಖೆಯ ವಿಧಿ, ದ್ವಾರಪಾಲಕ, ಭೂತ ಬಿಡಿಸುವವ, ಉಪಡೀಕನ್ ಎಲ್ಲವನ್ನೂ ತೆಗೆದುಹಾಕಿ, ವಾಚಕ ಮತ್ತು ಪರಿಚಾರಕ ಎರಡನ್ನು ದೀಕ್ಷೆಯ ಪಟ್ಟಿಯಿಂದ ಹೊರತಂದು ಸಾಮಾನ್ಯ ಭಕ್ತರ ಸೇವೆಗಳನ್ನಾಗಿ ಮಾಡಿದರು. ಆ ಎರಡು ಸೇವೆಗಳೂ ಗಂಡಸರಿಗೆ ಮಾತ್ರ ಎಂದಿದ್ದ ನಿಯಮವನ್ನು 2021ರಲ್ಲಿ ಪೋಪ್ ಫ್ರಾನ್ಸಿಸ್ ತೆಗೆದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಸಂಪ್ರದಾಯವಾದಿಗಳು ಇಲ್ಲಿ ಒಂದು ಒಳ್ಳೆಯ ಮಾತು ಹೇಳುತ್ತಾರೆ, ಅದನ್ನು ಕೇಳಿಸಿಕೊಳ್ಳಬೇಕು. ಹೋದದ್ದು ಮನುಷ್ಯರು ಸೇರಿಸಿದ ಮೆಟ್ಟಿಲುಗಳು. ಬಿಷಪ್, ಗುರು, ಡೀಕನ್ ಎಂಬ ಮೂರು ಅಪೊಸ್ತಲರ ಕಾಲದಿಂದ ಬಂದವು, ಅವಕ್ಕೆ ಯಾರೂ ಕೈ ಹಾಕಿಲ್ಲ. ಒಪ್ಪೋಣ. ಆದರೆ ಯಾವುದು ಮನುಷ್ಯರು ಸೇರಿಸಿದ್ದು, ಯಾವುದು ಅಲ್ಲ ಎಂಬ ವಿಂಗಡಣೆ ನಡೆದದ್ದು ತೆಗೆದುಹಾಕುವ ಹೊತ್ತಿನಲ್ಲಿ. 1971ರಲ್ಲಿ ಉಪಡೀಕನ್ ಆಗುವವನಿಗೆ ನೀನು ಏರುತ್ತಿರುವುದು ಅಷ್ಟೇನೂ ಮುಖ್ಯವಲ್ಲದ ಮೆಟ್ಟಿಲು ಎಂದು ಯಾರೂ ಹೇಳುತ್ತಿರಲಿಲ್ಲ.

ಮಹಿಳೆಯರ ಪ್ರಶ್ನೆಗೆ ಈಗ ಬರಬಹುದು. ಜಪಾನಿನ ಯುದ್ಧದಿಂದಾಗಿ ಮಕಾವ್‌ಗೆ ಗುರುಗಳು ಹೋಗಲಾಗದಿದ್ದಾಗ ಹಾಂಗ್‌ಕಾಂಗಿನ ಆಂಗ್ಲಿಕನ್ ಬಿಷಪ್ ರೊನಾಲ್ಡ್ ಹಾಲ್ 1944ರ ಜನವರಿ 25ರಂದು ಫ್ಲಾರೆನ್ಸ್ ಲೀ ಟಿಮ್-ಓಯ್ ಎಂಬ ಡೀಕನ್ನಳಿಗೆ ಗುರುದೀಕ್ಷೆ ಕೊಟ್ಟರು. ಯುದ್ಧ ಮುಗಿದ ಮೇಲೆ ಗದ್ದಲವಾಯಿತು. 1946ರಲ್ಲಿ ಆಕೆ ಪರವಾನಗಿಯನ್ನು ಹಿಂದಿರುಗಿಸಿದರು, ದೀಕ್ಷೆಯನ್ನು ಹಿಂದಿರುಗಿಸಲಿಲ್ಲ, ಹಿಂದಿರುಗಿಸಲು ಆಗುತ್ತಲೂ ಇರಲಿಲ್ಲ. ದಶಕಗಳ ಬಳಿಕ ಆಕೆ ಮತ್ತೆ ಸೇವೆಗೆ ಮರಳಿದಾಗ ಯಾರೂ ಇನ್ನೊಮ್ಮೆ ಹಸ್ತವಿಡಬೇಕಾಗಲಿಲ್ಲ. 1994ರ ಮಾರ್ಚ್ 12ರಂದು ಬ್ರಿಸ್ಟಲ್‌ನಲ್ಲಿ ಇಂಗ್ಲೆಂಡಿನ ಸಭೆಯ ಮೊದಲ 32 ಮಹಿಳೆಯರು ದೀಕ್ಷೆ ಪಡೆದರು. 2013ರಲ್ಲಿ ನಂದ್ಯಾಲದ ಬಿಷಪ್ಪರಾಗಿ ಇ. ಪುಷ್ಪಲಲಿತಾ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದರು. ರೋಮ್ ಬೇರೆ ಮಾತು ಹೇಳಿತು. 1994ರ ಮೇ 22ರ ಪತ್ರದಲ್ಲಿ ಪೋಪ್ ಎರಡನೆಯ ಜಾನ್ ಪೌಲ್, ಕ್ರಿಸ್ತ ಹನ್ನೆರಡು ಗಂಡಸರನ್ನು ಆರಿಸಿಕೊಂಡರು, ಮಹಿಳೆಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದರು. ಗಮನಿಸಿ, ಅವರು 'ಕೊಡಬಾರದು' ಎನ್ನಲಿಲ್ಲ, 'ಕೊಡಲಾರೆವು' ಎಂದರು. ಪ್ರಶ್ನೆಯನ್ನು ಪರವಾನಗಿಯಿಂದ ಮುದ್ರೆಯ ಮಟ್ಟಕ್ಕೆ ಎತ್ತಿಟ್ಟರು. ಈ ವಾದವನ್ನು ಗೋವಾದ ಆರ್ಚ್‌ಬಿಷಪ್ಪರ ಹಟದೊಂದಿಗೆ ಸಮೀಕರಿಸುವುದು ಅನ್ಯಾಯ. ಕಾಸ್ತ್ರೊ ಅವರಿಗೆ ದೀಕ್ಷೆ ಕೊಟ್ಟರೆ ಅದು ಸಿಂಧುವಾಗದು ಎಂದು ಯಾರೂ ಹೇಳಿರಲಿಲ್ಲ. ಆದರೂ ಪರೀಕ್ಷೆ ಬೇಡವೆನ್ನಲಾಗದು. ಹನ್ನೆರಡು ಮಂದಿ ಗಂಡಸರಾಗಿದ್ದಂತೆ ಯೆಹೂದ್ಯರೂ ಆಗಿದ್ದರು. ಎರಡನೆಯದು ನಿಯಮವಾಗದೆ ಮೊದಲನೆಯದು ಮಾತ್ರ ನಿಯಮವಾದದ್ದಕ್ಕೆ ಕಾರಣ ಕೇಳಿದರೆ, ಗುರು ಬಲಿಪೀಠದಲ್ಲಿ ಕ್ರಿಸ್ತನ ಸ್ಥಾನದಲ್ಲಿ ನಿಲ್ಲುತ್ತಾನೆ ಎಂಬ ಉತ್ತರ ಬರುತ್ತದೆ. ಅದು ನಂಬಿಕೆಯ ಮಾತು. ಹೊರಗಿನವರು ಅದನ್ನು ತರ್ಕದಿಂದ ಗೆಲ್ಲುವುದೂ ಕಷ್ಟ, ಒಳಗಿನವರು ತರ್ಕದಿಂದ ಸ್ಥಾಪಿಸುವುದೂ ಕಷ್ಟ.

ಇಷ್ಟೆಲ್ಲ ರಗಳೆ ಯಾಕೆ, ದೀಕ್ಷೆಯನ್ನೇ ಬಿಟ್ಟುಬಿಟ್ಟರೆ ಆಯಿತಲ್ಲ ಎನ್ನುವವರಿಗೂ ಎರಡು ಮಾತು ಸಲ್ಲಬೇಕು. ಕ್ವೇಕರರು ಎಂಬ ಕ್ರೈಸ್ತ ಪಂಥದವರು ಹಾಗೆ ಬಿಟ್ಟವರು. ಅವರಲ್ಲಿ ಪಾದ್ರಿಯಿಲ್ಲದ ಕೂಟಗಳೇ ಮೂಲರೂಪ. ಅವರ ಪ್ರಾಮಾಣಿಕತೆಗೆ ತಲೆಬಾಗಬೇಕು. ಆದರೆ ಅವರ ಕೂಟಗಳಲ್ಲೂ ಹಿರಿಯರನ್ನು, ಮೇಲ್ವಿಚಾರಕರನ್ನು ನೇಮಿಸುವ ಪದ್ಧತಿ ಬೆಳೆಯಿತು. ವಿಧಿ ಬಿಟ್ಟ ಮಾತ್ರಕ್ಕೆ ಬಾಗಿಲು ಮಾಯವಾಗುವುದಿಲ್ಲ, ಕಾವಲುಗಾರ ಯಾರೆಂಬುದು ಮಾತ್ರ ಕಣ್ಣಿಗೆ ಕಾಣದಂತಾಗುತ್ತದೆ. ಯಾರು ಹಸ್ತವಿಟ್ಟರು, ಯಾವ ದಿನ, ಯಾರ ಸಾಕ್ಷಿಯಲ್ಲಿ ಎಂಬುದು ದಾಖಲೆಯಲ್ಲಿರುವ ವ್ಯವಸ್ಥೆಯನ್ನು ಪ್ರಶ್ನಿಸುವುದು ಸುಲಭ.

ಕ್ಯಾಥೊಲಿಕ್ ಸಭೆಯೊಳಗೆ ಇಂದು ನಿಜವಾಗಿ ತೀರ್ಮಾನವಾಗದೆ ಉಳಿದಿರುವುದು ಡೀಕನ್ ದೀಕ್ಷೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಅದನ್ನು ಸ್ವತಂತ್ರ ದರ್ಜೆಯಾಗಿ ಮರಳಿ ತಂದು ಮದುವೆಯಾದ ಗಂಡಸರಿಗೂ ತೆರೆಯಿತು. ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಸಂತ ಪೌಲರು ಫೊಯಿಬೆ ಎಂಬ ಮಹಿಳೆಯನ್ನು ಕೆಂಕ್ರೆಯ ಸಭೆಯ ಡೀಕನ್ ಎಂದು ಪರಿಚಯಿಸುತ್ತಾರೆ. ಆ ಕಾಲಕ್ಕೆ ಆ ಪದಕ್ಕೆ ದರ್ಜೆಯ ಅರ್ಥವಿತ್ತೇ, ಬರಿಯ ಸೇವೆಯ ಅರ್ಥವಿತ್ತೇ ಎಂಬ ಚರ್ಚೆ ಮುಗಿದಿಲ್ಲ. 2016ರಲ್ಲೂ 2020ರಲ್ಲೂ ಪೋಪ್ ಫ್ರಾನ್ಸಿಸ್ ಇದನ್ನು ಪರಿಶೀಲಿಸಲು ಆಯೋಗ ನೇಮಿಸಿದರು. 2009ರಲ್ಲಿ ಬೆನೆಡಿಕ್ಟ್ ಕಾನೂನು ಸಂಹಿತೆಗೆ ತಂದ ತಿದ್ದುಪಡಿಯೊಂದು ಈ ಚರ್ಚೆಯಲ್ಲಿ ಸಿಗಬೇಕಾದಷ್ಟು ಗಮನ ಪಡೆದಿಲ್ಲ. ಕ್ರಿಸ್ತನ ಶಿರಸ್ಥಾನದಲ್ಲಿ ನಿಂತು ನಡೆಸುವ ಅಧಿಕಾರ ಬಿಷಪ್ಪರಿಗೆ ಮತ್ತು ಗುರುಗಳಿಗೆ, ಡೀಕನ್ನರಿಗೆ ಸೇವೆಯ ಬಲ ಮಾತ್ರ ಎಂದು ಅದು ಬೇರ್ಪಡಿಸಿತು. ಅಂದ ಮೇಲೆ ಮಹಿಳೆ ಕ್ರಿಸ್ತನ ಸ್ಥಾನದಲ್ಲಿ ನಿಲ್ಲಲಾಗದು ಎಂಬ ಕಾರಣ ಡೀಕನ್ ದೀಕ್ಷೆಯ ಮಟ್ಟಿಗೆ ಎದ್ದು ನಿಲ್ಲುವುದಿಲ್ಲ. 1994ರ ಪತ್ರವೂ ಗುರುದೀಕ್ಷೆಯ ಬಗ್ಗೆ ಬರೆದದ್ದು. ಉಳಿಯುವುದು ಜ್ಞಾನಸ್ನಾನ ಪಡೆದ ಗಂಡಸಿಗೆ ಮಾತ್ರ ದೀಕ್ಷೆ ಸಿಂಧು ಎನ್ನುವ ಸಂಹಿತೆಯ 1024ನೆಯ ವಿಧಿ. ಡೀಕನ್ನರ ವಿಷಯದಲ್ಲಿ ಅದರ ಬೆನ್ನಿಗಿರುವುದು ರೂಢಿಯೊಂದೇ ಎಂಬುದು ನನ್ನ ತೀರ್ಮಾನ. ಬೇರೆ ಕಾರಣವಿದ್ದರೆ ಅದನ್ನು ತೋರಿಸುವ ಹೊಣೆ ಬೇಡವೆನ್ನುವವರದು.